ಹಳೇ ಎಸಿ ಇಳಿಸಿ ಹೊಸದನ್ನು ಕೂರಿಸುವುದು: ಮೊದಲ ಅಳತೆಯಿಂದ ಕೊನೆಯ ನಟ್ಟಿನವರೆಗೆ

ಎಸಿಯೊಳಗಿನ ಗ್ಯಾಸ್ ಸುಟ್ಟು ಮುಗಿಯುವ ಪದಾರ್ಥವಲ್ಲ. ಮುಚ್ಚಿದ ತಾಮ್ರದ ಕೊಳವೆಯಲ್ಲಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಒಳಗಿನ ಕಾಯಿಲ್‌ನಲ್ಲಿ ಕುದಿದು ಕೋಣೆಯ ಶಾಖ ಹೀರುತ್ತದೆ, ಹೊರಗಿನ ಕಾಯಿಲ್‌ನಲ್ಲಿ ಮತ್ತೆ ದ್ರವವಾಗಿ ಆ ಶಾಖವನ್ನು ಬಿಡುತ್ತದೆ. ಹಾಗಾಗಿ ಬೇಸಿಗೆ ಬಂದಾಗಲೆಲ್ಲ ಗ್ಯಾಸ್ ತುಂಬಿಸಬೇಕಾದ ಎಸಿ ಎಂದರೆ ಎಲ್ಲೋ ಸೋರುತ್ತಿರುವ ಎಸಿ ಎಂದೇ ಅರ್ಥ. ಇಲ್ಲಿ ಬರೆಯುತ್ತಿರುವುದು ಅಂಥದೊಂದು ಯಂತ್ರದ ಕೆಲಸದ ಬಗ್ಗೆ. ಒಂದೂವರೆ ಟನ್ನಿನ, ಆರ್-22 ಎಂಬ ಹಳೆಯ ಬಗೆಯ ಗ್ಯಾಸಿನ, ಒಂದೇ ವೇಗದಲ್ಲಿ ಓಡುವ ಹಳೆಯ ಸ್ಪ್ಲಿಟ್ (ಒಳಗೊಂದು, ಹೊರಗೊಂದು ಯೂನಿಟ್ ಇರುವ) ಎಸಿ ಅದು. ತೊಳೆದೆವು, ಅಳೆದೆವು, ಕೊನೆಗೆ ಇಳಿಸಿ ಅದರ ಜಾಗದಲ್ಲಿ ತಂಪು–ಬಿಸಿ ಎರಡನ್ನೂ ಕೊಡುವ ಆರ್-32 ಗ್ಯಾಸಿನ ಇನ್ವರ್ಟರ್ (ಅಗತ್ಯಕ್ಕೆ ತಕ್ಕಂತೆ ವೇಗ ಬದಲಿಸಿಕೊಳ್ಳುವ) ಯಂತ್ರ ಕೂರಿಸಿದೆವು. ಹೊಸ ಯಂತ್ರ ಎಷ್ಟು ವರ್ಷ ಬಾಳುತ್ತದೆ ಎಂಬುದು ಡಬ್ಬದ ಮೇಲಿನ ನಕ್ಷತ್ರಗಳಿಗಿಂತ ಹೆಚ್ಚಾಗಿ ಕೂರಿಸುವ ದಿನದ ಪೈಪು ಕೆಲಸ, ವ್ಯಾಕ್ಯೂಮ್ (ಪೈಪಿನೊಳಗಿನ ಗಾಳಿ–ತೇವ ಎಳೆದು ತೆಗೆಯುವುದು) ಮತ್ತು ನೀರು ಹೊರಹೋಗುವ ಡ್ರೈನಿನ ಮೇಲೆ ನಿಂತಿದೆ. ಆದ್ದರಿಂದ ಆ ಭಾಗವನ್ನೇ ಹೆಚ್ಚು ವಿವರವಾಗಿ ಬರೆದಿದ್ದೇವೆ.

ಬದಲಿಸುವ ಮಾತು ಎತ್ತುವ ಮೊದಲು ಅಳತೆ. ಇಂಡೋರ್ ಯೂನಿಟ್ ಒಳಗೆಳೆಯುವ ಗಾಳಿ 29 ಡಿಗ್ರಿ, ಬಿಡುವ ಗಾಳಿ 23 ಡಿಗ್ರಿ. ಅಂತರ ಬರೀ 6. ಸರಿಯಾಗಿರುವ ಒಂದೇ ವೇಗದ ಎಸಿಯಲ್ಲಿ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಅಂತರ ಸಿಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಯಂತ್ರದ ಶಕ್ತಿಯ ಒಂದು ಪಾಲು ನೀರಿಳಿಸುವುದಕ್ಕೇ ಹೋಗುವುದರಿಂದ ಅಂತರ ಕಿರಿದಾಗುತ್ತದೆ, ಒಣ ಹವೆಯಲ್ಲಿ ಹಿಗ್ಗುತ್ತದೆ. ಕರೆಂಟು ಅಳೆಯಲು ತಂತಿಗೆ ಕ್ಲ್ಯಾಂಪ್ ಮೀಟರ್ ಹಾಕಿದರೆ 5.6 ಆಂಪಿಯರ್, ಯಂತ್ರದ ತಗಡಿನ ಮೇಲೆ ಬರೆದದ್ದು 7.8. ಕರೆಂಟು ಕಡಿಮೆ ಎಳೆಯುತ್ತಿದೆ ಎಂದರೆ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿಗೆ ತಳ್ಳುವುದಕ್ಕೆ ಸಾಕಷ್ಟು ಗ್ಯಾಸೇ ಸಿಗುತ್ತಿಲ್ಲ ಎಂಬ ಅನುಮಾನ. ಹೊರಗಿನ ಕಾಯಿಲ್ ಧೂಳು ಕಟ್ಟಿದ್ದರೆ ಇದಕ್ಕೆ ತದ್ವಿರುದ್ಧ: ಒತ್ತಡ ಏರಿ ಕರೆಂಟೂ ಏರುತ್ತದೆ.

ಆದರೂ ಕೊಳೆ ತುಂಬಿದ ಯಂತ್ರಕ್ಕೆ ಗೇಜ್ (ಗ್ಯಾಸಿನ ಒತ್ತಡದ ಮೀಟರ್) ಹಾಕಿ ತೀರ್ಪು ಕೊಡಬಾರದು. ಗಾಳಿ ಕಡಿಮೆ ಹಾಯುವ ಕಾಯಿಲ್‌ನಲ್ಲೂ ಒತ್ತಡ ಇಳಿದಿರುತ್ತದೆ, ಗ್ಯಾಸ್ ಕಡಿಮೆಯಾದಾಗಲೂ ಇಳಿಯುತ್ತದೆ; ಗೇಜಿಗೆ ಎರಡೂ ಒಂದೇ. ಹಾಗಾಗಿ ಮೊದಲು ಮೇನ್ ಆರಿಸಿ ತೊಳೆಯುವ ಕೆಲಸ. ಫಿಲ್ಟರ್ ಜಾಲರಿ ತೊಳೆಯುವುದು ಎಲ್ಲರಿಗೂ ಗೊತ್ತು. ಮರೆತುಹೋಗುವುದು ಬ್ಲೋವರ್, ಅಂದರೆ ಕಾಯಿಲ್‌ನ ಹಿಂದೆ ತಿರುಗುವ ಉದ್ದನೆಯ ಉರುಳೆ. ಅದರ ಬ್ಲೇಡುಗಳು ಬಾಗಿದ ಆಕಾರದಲ್ಲಿದ್ದರೆ ಮಾತ್ರ ಗಾಳಿಯನ್ನು ಎತ್ತಿ ಎಸೆಯಬಲ್ಲವು. ಬಾಗಿನೊಳಗೆ ಎರಡು ಮಿಲಿಮೀಟರ್ ಧೂಳು ಮೆತ್ತಿಕೊಂಡರೆ ಸಾಕು, ಬ್ಲೇಡು ಚಪ್ಪಟೆಯಾದಂತಾಗಿ ಗಾಳಿ ಬಿದ್ದುಹೋಗುತ್ತದೆ. ಅಂಗಡಿಯಲ್ಲಿ ಸಿಗುವ ನೊರೆ ಸ್ಪ್ರೇ ಅಲ್ಲಿಗೆ ತಲುಪುವುದಿಲ್ಲ. ಹೊರಕವಚ ಬಿಚ್ಚಿ, ಎಲೆಕ್ಟ್ರಾನಿಕ್ ಬೋರ್ಡನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ, ಕೆಳಗೆ ತೊಳೆಯುವ ಚೀಲ ಕಟ್ಟಿ, ಉರುಳೆಯನ್ನು ಕೈಯಲ್ಲಿ ತಿರುಗಿಸುತ್ತ ಕಡಿಮೆ ಒತ್ತಡದ ನೀರಿನಲ್ಲಿ ತೊಳೆದೆವು. ಕಾಯಿಲ್‌ನ ರೆಕ್ಕೆಗಳು ತೆಳು ಅಲ್ಯೂಮಿನಿಯಂ. ಆಮ್ಲ ಅಥವಾ ಕಾಸ್ಟಿಕ್ ಇರುವ ದ್ರಾವಣ ಅವನ್ನು ತಿನ್ನುತ್ತದೆ. ತಟಸ್ಥ ಗುಣದ ಕ್ಲೀನರ್ ಸಾಕು, ನಂತರ ಸಾದಾ ನೀರಿನಲ್ಲಿ ಪೂರ್ತಿ ತೊಳೆಯಬೇಕು. ನೀರು ಹೊಡೆಯುವಾಗ ರೆಕ್ಕೆಗಳ ಜೊತೆ ನೇರ ಸಾಲಿನಲ್ಲೇ ಹೊಡೆಯಬೇಕು, ಓರೆಯಾದರೆ ಮಡಚಿಕೊಳ್ಳುತ್ತವೆ. ಔಟ್‌ಡೋರ್ ಕಾಯಿಲ್‌ಗೆ ಒಳಗಿನಿಂದ ಹೊರಕ್ಕೆ ನೀರು: ಧೂಳು ಹೊರಗಿನಿಂದ ಬಂದು ಕೂತದ್ದು, ಬಂದ ದಾರಿಯಲ್ಲೇ ಹೋಗಬೇಕು. ಹೊರಗಿನಿಂದ ಹೊಡೆದರೆ ಅದು ಕಾಯಿಲ್‌ನ ನಡುವೆ ಕೆಸರಾಗಿ ಸಿಕ್ಕಿಕೊಳ್ಳುತ್ತದೆ.

ಔಟ್‌ಡೋರ್ ಯೂನಿಟ್ ಬಿಚ್ಚಿದಾಗ ಕಂಪ್ರೆಸರ್ ಶುರುವಾಗಲು ನೆರವಾಗುವ ಕೆಪಾಸಿಟರನ್ನೂ ನೋಡಿದೆವು. ಮೇಲೆ ಬರೆದದ್ದು 45 ಮೈಕ್ರೋಫ್ಯಾರಡ್, ಶೇ. 5ರಷ್ಟು ಹೆಚ್ಚುಕಮ್ಮಿ. ಮೀಟರ್ ತೋರಿಸಿದ್ದು 36. ಇಷ್ಟು ಇಳಿದ ಕೆಪಾಸಿಟರಿನಲ್ಲಿ ಕಂಪ್ರೆಸರ್ ಗುಂಯ್ ಎಂದು ಒದ್ದಾಡಿ ಶುರುವಾಗುತ್ತದೆ, ಬಿಸಿಲು ಹೆಚ್ಚಿದಾಗ ಶುರುವಾಗದೆ ಓವರ್‌ಲೋಡಿನಲ್ಲಿ ನಿಂತುಬಿಡುತ್ತದೆ. ‘ಕಂಪ್ರೆಸರ್ ಹೋಯಿತು’ ಎಂದು ತೀರ್ಮಾನವಾಗುವ ಎಷ್ಟೋ ಪ್ರಕರಣಗಳ ಹಿಂದೆ ಇರುವುದು ಈ ಚಿಕ್ಕ ಭಾಗ. ಮೇನ್ ಆರಿಸಿದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ. ಎರಡು ಕಡ್ಡಿಗಳ ನಡುವೆ ರೆಸಿಸ್ಟರ್ ಹಿಡಿದು ಖಾಲಿ ಮಾಡದೆ ಕೈ ಹಾಕಬೇಡಿ. ಸ್ಕ್ರೂಡ್ರೈವರಿನಲ್ಲಿ ಕಿಡಿ ಹಾರಿಸುವುದೂ ಸರಿಯಲ್ಲ.

ತೊಳೆದು, ಕೆಪಾಸಿಟರ್ ಬದಲಿಸಿ ಓಡಿಸಿದಾಗ ಗಾಳಿ ಜೋರಾಯಿತು, ಉಷ್ಣತೆಯ ಅಂತರ ಮಾತ್ರ 6ರಿಂದ 5ಕ್ಕೆ ಇಳಿಯಿತು. ಇದು ನಿರೀಕ್ಷಿತವೇ. ಅಷ್ಟೇ ತಂಪು ಈಗ ಹೆಚ್ಚು ಗಾಳಿಗೆ ಹಂಚಿಹೋಗುತ್ತದೆ. ಅನುಮಾನ ಗಟ್ಟಿಯಾದ ಮೇಲೆ ಗೇಜ್ ಹಾಕಿದೆವು: ಹೀರುವ ಬದಿಯಲ್ಲಿ ಒತ್ತಡ (ಪಿಎಸ್‌ಐ, ಅಂದರೆ ಚದರ ಇಂಚಿಗೆ ಪೌಂಡಿನ ಲೆಕ್ಕದಲ್ಲಿ) 40 ಪಿಎಸ್‌ಐ. ಆ ಒತ್ತಡದಲ್ಲಿ ಆರ್-22 ಕುದಿಯುವುದು ಸುಮಾರು ಮೈನಸ್ 8 ಡಿಗ್ರಿಯಲ್ಲಿ. ಇರಬೇಕಾದದ್ದು 65–70, ಅಂದರೆ 4–5 ಡಿಗ್ರಿಯ ಆಸುಪಾಸು. ಕಾಯಿಲ್ ಶೂನ್ಯಕ್ಕಿಂತ ಕೆಳಗಿಳಿದದ್ದರಿಂದ ಗ್ಯಾಸ್ ಒಳಹೋಗುವ ಮೊದಲ ಸಾಲುಗಳಲ್ಲಿ ಮಾತ್ರ ಹಿಮ ಕಟ್ಟಿತ್ತು, ಉಳಿದ ಸಾಲುಗಳು ಒಣಗಿ ಬೆಚ್ಚಗಿದ್ದವು. ಈ ಗುರುತು ನೆನಪಿಟ್ಟುಕೊಳ್ಳುವಂಥದ್ದು. ಗ್ಯಾಸ್ ಕಡಿಮೆಯಾದರೆ ಹಿಮ ಆರಂಭದ ಸಾಲುಗಳಲ್ಲಿ; ಗಾಳಿ ಕಡಿಮೆಯಾದರೆ ಇಡೀ ಕಾಯಿಲ್ ಮೇಲೆ, ಕೆಲವೊಮ್ಮೆ ದಪ್ಪ ಪೈಪಿನುದ್ದಕ್ಕೂ.

ಸೋರಿಕೆ ಹುಡುಕುವಾಗ ಯಂತ್ರ ನಿಲ್ಲಿಸಿ ಹತ್ತು ನಿಮಿಷ ಬಿಟ್ಟೆವು. ಓಡುವಾಗ ಒಳಗಿನ ಕಾಯಿಲ್‌ನಲ್ಲಿ ಒತ್ತಡ ಕಡಿಮೆ; ನಿಂತಾಗ ಎರಡೂ ಬದಿ ಸಮವಾಗಿ 28 ಡಿಗ್ರಿಯಲ್ಲಿ 150 ಪಿಎಸ್‌ಐ ಹತ್ತಿರ ಹೋಗುತ್ತದೆ, ಸಣ್ಣ ತೂತೂ ಉಸಿರಾಡತೊಡಗುತ್ತದೆ. ಪೈಪಿನ ಅರಳಿಸಿದ ಬಾಯಿಯನ್ನು (ಫ್ಲೇರ್) ಹಿಡಿದಿಡುವ ಫ್ಲೇರ್ ನಟ್ಟಿನ ಸುತ್ತ ಎಣ್ಣೆ ಜಿಡ್ಡು ಕಾಣಿಸಿತು. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುವುದರಿಂದ ಜಿಡ್ಡಿರುವಲ್ಲಿ ಸೋರಿಕೆ ಹುಡುಕುವುದು ಹಳೆಯ, ನಂಬುವಂಥ ದಾರಿ. ಸೋಪು ನೀರು ಹಚ್ಚಿದಾಗ ಗುಳ್ಳೆ ಬಂತು. ಅದೊಂದೇ ಆಗಿದ್ದರೆ ಫ್ಲೇರ್ ಹೊಸದು ಮಾಡಿ ಮುಗಿಸಬಹುದಿತ್ತು. ಆದರೆ ಒಳಗಿನ ಕಾಯಿಲ್‌ನ ಬಾಗುಗಳಲ್ಲೂ ಎಲೆಕ್ಟ್ರಾನಿಕ್ ಡಿಟೆಕ್ಟರ್ ಕೂಗಿತು, ಅದೂ ಒಂದಕ್ಕಿಂತ ಹೆಚ್ಚು ಕಡೆ. ತೆಳುವಾದ ತಾಮ್ರದಲ್ಲಿ ಕಣ್ಣಿಗೆ ಕಾಣದ ಸೂಜಿತೂತುಗಳು. ಬಣ್ಣ, ಅಂಟು, ಪ್ಲೈವುಡ್, ಕೆಲವು ಶುಚಿಕಾರಕಗಳಿಂದ ಬರುವ ಸಾವಯವ ಆಮ್ಲದ ಆವಿಯು ತೇವದೊಂದಿಗೆ ಸೇರಿ ತಾಮ್ರವನ್ನು ಸುರಂಗ ಕೊರೆದಂತೆ ತಿನ್ನುತ್ತದೆ. ಒಂದನ್ನು ಬೆಸೆದರೆ ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ಇಂಥ ಕಾಯಿಲ್ ಬದಲಿಸಬೇಕು, ಬೆಸುಗೆಯಿಂದ ಉಳಿಯುವುದಿಲ್ಲ.

ಹಳೇ ಯಂತ್ರಕ್ಕೆ ಹೊಸ ಕಾಯಿಲ್ ಹಾಕಿಸುವುದೋ, ಯಂತ್ರವನ್ನೇ ಬದಲಿಸುವುದೋ ಎಂಬ ಪ್ರಶ್ನೆಗೆ ಇಲ್ಲಿ ಗ್ಯಾಸೇ ಉತ್ತರ ಕೊಟ್ಟಿತು. ಆರ್-22 ಓಝೋನ್ ಪದರಕ್ಕೆ ಹಾನಿ ಮಾಡುವ ಅನಿಲ. 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಮುಂದುವರಿದ ದೇಶಗಳು 2020ಕ್ಕೆ ಅದನ್ನು ಹೆಚ್ಚುಕಡಿಮೆ ಪೂರ್ತಿ ಕೈಬಿಟ್ಟವು. ಉಳಿದ ದೇಶಗಳಿಗೆ ಗಡುವು 2030, ಆಮೇಲೆ ರಿಪೇರಿಗೆಂದು ಅಲ್ಪ ಪಾಲು ಮಾತ್ರ. ಹಳೇ ಯಂತ್ರಕ್ಕೇ ಆರ್-32 ತುಂಬಿಸಿಕೊಂಡರಾಯಿತಲ್ಲ ಎಂದು ಕೇಳುವವರಿದ್ದಾರೆ. ಖಂಡಿತ ಆಗದು. 5 ಡಿಗ್ರಿಯಲ್ಲಿ ಆರ್-22 ಒತ್ತಡ 70 ಪಿಎಸ್‌ಐ, ಆರ್-32ರದ್ದು 120 ದಾಟುತ್ತದೆ. ಹಳೆಯ ಕಾಯಿಲ್, ಕಂಪ್ರೆಸರ್, ವಾಲ್ವು ಯಾವುದೂ ಆ ಒತ್ತಡಕ್ಕೆ ಮಾಡಿದವಲ್ಲ. ಹಳೆಯದರ ಖನಿಜ ಎಣ್ಣೆ ಹೊಸ ಗ್ಯಾಸಿನೊಂದಿಗೆ ಬೆರೆಯುವುದೂ ಇಲ್ಲ, ಎಣ್ಣೆ ಕಾಯಿಲ್‌ನಲ್ಲೇ ಉಳಿದು ಕಂಪ್ರೆಸರ್ ಒಣಗುತ್ತದೆ. ಸಾಲದ್ದಕ್ಕೆ ಆರ್-32 ಅಲ್ಪ ಪ್ರಮಾಣದಲ್ಲಿ ಉರಿಯುವ ಗುಣದ್ದು. ಅದಕ್ಕೆಂದೇ ರೂಪಿಸದ ಯಂತ್ರದಲ್ಲಿ ತುಂಬುವುದು ಅಪಾಯ.

ಹೊಸದು ಎಷ್ಟು ಟನ್? ಹಳೆಯದು ಒಂದೂವರೆ ಇದ್ದುದರಿಂದ ಹೊಸದೂ ಒಂದೂವರೆ ಎನ್ನುವುದು ಲೆಕ್ಕವಲ್ಲ. ಒಂದು ಟನ್ ಎಂದರೆ 3.5 ಕಿಲೋವ್ಯಾಟ್ ಶಾಖ ತೆಗೆಯುವ ಶಕ್ತಿ. ಕೋಣೆ 14 ಚದರ ಮೀಟರ್, ಮೇಲಿನ ಮಹಡಿ, ಪಶ್ಚಿಮಕ್ಕೆ 3 ಚದರ ಮೀಟರ್ ಗಾಜಿನ ಕಿಟಕಿ. ಸಂಜೆ ಬಿಸಿಲಿಗೆ ಆ ಗಾಜೊಂದರಿಂದಲೇ ಸುಮಾರು 1.2 ಕಿಲೋವ್ಯಾಟ್ ಒಳಬರುತ್ತದೆ. ಚಾವಣಿಯಿಂದ 0.7, ಗೋಡೆಗಳಿಂದ 0.6, ಸಂದಿಗಳಿಂದ ನುಗ್ಗುವ ಬಿಸಿಗಾಳಿಯಿಂದ 0.7, ಕೂತ ಮೂವರಿಂದ ತಲಾ 120 ವ್ಯಾಟಿನಂತೆ 0.36, ಟಿವಿ–ದೀಪಗಳಿಂದ 0.2. ಒಟ್ಟು 3.8ರ ಹತ್ತಿರ. ಕಿಟಕಿಗೆ ಹೊರಗಡೆಯಿಂದ ಬಿದಿರಿನ ಪರದೆ ಇಳಿಬಿಟ್ಟರೆ ಗಾಜಿನ ಪಾಲು 0.35ಕ್ಕೆ ಇಳಿಯುತ್ತದೆ, ಒಟ್ಟು 2.9. ಒಂದು ಟನ್ ಸಾಕು, ಉಳಿತಾಯವೂ ಇದೆ. ಪರದೆ ಒಳಗಡೆ ಹಾಕಿದರೆ ಇಷ್ಟು ಲಾಭವಿಲ್ಲ. ಬಿಸಿಲು ಗಾಜು ದಾಟಿ ಒಳಬಂದ ಮೇಲೆ ಪರದೆ ಬಿಸಿಯಾಗಿ ಆ ಶಾಖ ಕೋಣೆಯಲ್ಲೇ ಉಳಿಯುತ್ತದೆ.

ದೊಡ್ಡದಿದ್ದರೆ ಬೇಗ ತಂಪು ಎಂಬ ನಂಬಿಕೆ ಗಟ್ಟಿಯಾಗಿದೆ, ಆದರೆ ಅಗತ್ಯಕ್ಕಿಂತ ದೊಡ್ಡ ಯಂತ್ರ ನಾಲ್ಕೈದು ನಿಮಿಷದಲ್ಲಿ ಉಷ್ಣತೆ ಇಳಿಸಿ ನಿಂತುಬಿಡುತ್ತದೆ. ಗಾಳಿಯ ತೇವ ಕಾಯಿಲ್ ಮೇಲೆ ಹನಿಯಾಗಿ ಇಳಿದು ಡ್ರೈನಿಗೆ ಹೋಗಲು ಸಮಯ ಬೇಕು. ಆ ಸಮಯ ಸಿಗದೆ ಕೋಣೆ ತಂಪಾದರೂ ಜಿಗುಟಾಗಿರುತ್ತದೆ. ಇನ್ವರ್ಟರ್ ಯಂತ್ರ ವೇಗ ತಗ್ಗಿಸಿಕೊಂಡು ಓಡಬಲ್ಲದು ನಿಜ, ಅದಕ್ಕೂ ಒಂದು ಕನಿಷ್ಠ ವೇಗವಿದೆ. ಅದಕ್ಕಿಂತ ಕೆಳಗೆ ಅದೂ ನಿಂತು–ಓಡಿ ಮಾಡುತ್ತದೆ.

ಬಿಸಿಯೂ ಕೊಡುವ ಮಾದರಿ ಆರಿಸಿದ್ದಕ್ಕೆ ಸ್ಪಷ್ಟ ಕಾರಣ ಉಂಟು. ಕಾಯಿಲ್ ಕೆಂಪಗಾಗುವ ಹೀಟರ್ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖ ಕೊಡುತ್ತದೆ, ಅದಕ್ಕಿಂತ ಹೆಚ್ಚು ಕೊಡಲು ಸಾಧ್ಯವೇ ಇಲ್ಲ. ಎಸಿಯನ್ನು ತಿರುಗುಮುರುಗು ಓಡಿಸಿದರೆ ಹೊರಗಿನ ಗಾಳಿಯ ಶಾಖವನ್ನೇ ಎತ್ತಿ ಒಳತರುವುದರಿಂದ ಸಾಧಾರಣ ಚಳಿಯಲ್ಲಿ ಮೂರು–ನಾಲ್ಕು ಪಟ್ಟು ಶಾಖ ಸಿಗುತ್ತದೆ. ಇದಕ್ಕೆ ಬೇಕಾದ ಹೆಚ್ಚುವರಿ ಭಾಗ ಮುಖ್ಯವಾಗಿ ಗ್ಯಾಸಿನ ದಿಕ್ಕು ತಿರುಗಿಸುವ ಒಂದು ರಿವರ್ಸಿಂಗ್ ವಾಲ್ವ್.

ಹಳೆಯದನ್ನು ಇಳಿಸುವಾಗ ಸಾಮಾನ್ಯವಾಗಿ ಗ್ಯಾಸನ್ನು ಔಟ್‌ಡೋರ್ ಯೂನಿಟ್ಟಿನೊಳಗೇ ಎಳೆದು ಬಂಧಿಸುತ್ತಾರೆ: ಕೂಲಿಂಗ್‌ನಲ್ಲಿ ಓಡಿಸಿ, ಸಣ್ಣ ಪೈಪಿನ ವಾಲ್ವ್ ಮುಚ್ಚಿ, ಗೇಜ್ ಶೂನ್ಯದ ಹತ್ತಿರ ಬಂದಾಗ ದಪ್ಪ ಪೈಪಿನ ವಾಲ್ವ್ ಮುಚ್ಚಿ, ತಕ್ಷಣ ಯಂತ್ರ ಆರಿಸುವುದು. ಸೋರುವ ಯಂತ್ರದಲ್ಲಿ ಇದನ್ನು ಮಾಡಬಾರದು. ಒತ್ತಡ ಶೂನ್ಯಕ್ಕಿಂತ ಕೆಳಗೆ ಹೋದರೆ ಅದೇ ತೂತಿನಿಂದ ಗಾಳಿ ಒಳನುಗ್ಗುತ್ತದೆ. ಗಾಳಿಯೂ ಎಣ್ಣೆಯ ಮಂಜೂ ಸೇರಿ ಕಂಪ್ರೆಸರಿನಲ್ಲಿ ಒತ್ತಲ್ಪಟ್ಟಾಗ ತಾನಾಗಿ ಹೊತ್ತಿಕೊಂಡು ಕಂಪ್ರೆಸರ್ ಸಿಡಿಯಬಹುದು. ಈ ಕೆಲಸದಲ್ಲಿ ಪ್ರಾಣ ಹೋಗುವುದು ಹೀಗೆ. ಆದ್ದರಿಂದ ರಿಕವರಿ ಯಂತ್ರದಿಂದ ಪ್ರತ್ಯೇಕ ಸಿಲಿಂಡರಿಗೆ ಗ್ಯಾಸ್ ತೆಗೆದೆವು. ಸಿಲಿಂಡರನ್ನು ಶೇ. 80ಕ್ಕಿಂತ ಹೆಚ್ಚು ತುಂಬಬಾರದು, ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕು. ಬೇರೆ ಗ್ಯಾಸ್ ಇದ್ದ ಸಿಲಿಂಡರಿಗೆ ಬೆರೆಸಿದರೆ ಎರಡೂ ಕೆಲಸಕ್ಕೆ ಬಾರದಂತಾಗುತ್ತವೆ. ಗಾಳಿಗೆ ಬಿಡುವುದಂತೂ ಅಕ್ಷಮ್ಯ.

ಗೋಡೆಯಲ್ಲಿದ್ದ ಹಳೇ ಪೈಪು ಕಾಲು ಇಂಚು ಮತ್ತು ಅರ್ಧ ಇಂಚಿನದು. ಹೊಸ ಒಂದು ಟನ್ ಯಂತ್ರ ಕೇಳುವುದು ಕಾಲು ಇಂಚು ಮತ್ತು 3/8 ಇಂಚು. ಅಳತೆ ಹೊಂದಿದ್ದರೂ ನಾವು ಹಳೆಯದನ್ನು ಉಳಿಸುತ್ತಿರಲಿಲ್ಲ. ಒಳಗೆ ಖನಿಜ ಎಣ್ಣೆ ಅಂಟಿದೆ, ತಾಮ್ರದ ದಪ್ಪ ಎಷ್ಟೆಂದು ಖಾತ್ರಿಯಿಲ್ಲ, ಇನ್ಸುಲೇಶನ್ ಪುಡಿಯಾಗುತ್ತಿದೆ. ಹೊಸ ತಾಮ್ರ 0.8 ಮಿ.ಮೀ. ದಪ್ಪದ್ದು, ಎರಡೂ ತುದಿಗೆ ಮುಚ್ಚಳವಿರುವ ಸುರುಳಿ. ಮುಚ್ಚಳವಿಲ್ಲದೆ ಅಂಗಡಿಯಲ್ಲಿ ಬಿದ್ದಿದ್ದ ಪೈಪಿನೊಳಗೆ ತೇವ ಮತ್ತು ಧೂಳು ಸೇರಿರುತ್ತದೆ. ಅದು ಹಾಯಬೇಕಾದ, ಒತ್ತಡ ಇಳಿಸುವ ಎಕ್ಸ್‌ಪಾನ್ಶನ್ ವಾಲ್ವಿನ ರಂಧ್ರ ತೀರ ಸಣ್ಣದು.

ಗೋಡೆಯ ತೂತು 65 ಮಿ.ಮೀ., ಹೊರಕ್ಕೆ ತುಸು ಇಳಿಜಾರು. ಒಳಕ್ಕೆ ಇಳಿಜಾರಾದರೆ ಮಳೆನೀರು ಪೈಪಿನ ಗುಂಟ ಕೋಣೆಗೆ ಬರುತ್ತದೆ. ಸ್ಪ್ಲಿಟ್ ಎಸಿಯಲ್ಲಿ ಒತ್ತಡ ಇಳಿಸುವ ವಾಲ್ವು ಔಟ್‌ಡೋರ್ ಯೂನಿಟ್ಟಿನಲ್ಲೇ ಇರುವುದರಿಂದ ಒಳಕ್ಕೆ ಬರುವ ಸಣ್ಣ ಪೈಪೂ ತಣ್ಣಗಿರುತ್ತದೆ. ಎರಡು ಪೈಪಿಗೂ ಬೇರೆಬೇರೆಯಾಗಿ ಇನ್ಸುಲೇಶನ್ ಬೇಕೇಬೇಕು. ಎರಡನ್ನೂ ಒಂದೇ ತೋಳಿನಲ್ಲಿ ತುರುಕಿದರೆ ಹೋಗುವ ತಂಪೂ ಬರುವ ತಂಪೂ ತಮ್ಮತಮ್ಮಲ್ಲೇ ಶಾಖ ಬದಲಿಸಿಕೊಂಡು ನಷ್ಟ. ಸಣ್ಣ ಪೈಪನ್ನು ಬರಿದೇ ಬಿಟ್ಟರೆ ಹನಿ ಒಸರಿ ಗೋಡೆ ಕಪ್ಪಾಗುತ್ತದೆ. ಮೂಲೆಗಳಲ್ಲಿ ಪೈಪನ್ನು ಸ್ಪ್ರಿಂಗ್ ಅಥವಾ ಬೆಂಡರಿನಿಂದಲೇ ಬಾಗಿಸಿ. ಕೈಯಿಂದ ಬಗ್ಗಿಸಿ ಚಪ್ಪಟೆಯಾದರೆ ಅಷ್ಟು ಉದ್ದ ಕತ್ತರಿಸಿ ಎಸೆಯಬೇಕು.

ಇನ್ನು ಫ್ಲೇರ್, ಪೈಪಿನ ಬಾಯನ್ನು ಕಹಳೆಯಂತೆ 45 ಡಿಗ್ರಿಗೆ ಅರಳಿಸುವ ಕೆಲಸ. ಮೊದಲ ವರ್ಷದ ಸೋರಿಕೆಗಳಲ್ಲಿ ಬಹುಪಾಲು ಇಲ್ಲಿಯದೇ. ಗರಗಸ ಬೇಡ, ಪೈಪ್ ಕಟ್ಟರಿನಿಂದ ನೆಟ್ಟಗೆ ಕತ್ತರಿಸಿ. ಒಳಅಂಚಿನ ಚೂಪು ತೆಗೆಯುವಾಗ ಪೈಪಿನ ಬಾಯಿ ಕೆಳಮುಖವಾಗಿರಲಿ, ತಾಮ್ರದ ಪುಡಿ ಹೊರಗೆ ಬೀಳಲಿ. ನಟ್ ಮೊದಲೇ ಪೈಪಿಗೆ ಹಾಕಿಕೊಂಡು ಆಮೇಲೆ ಅರಳಿಸಬೇಕು. ಆರ್-32 ಮತ್ತು ಆರ್-410ಎ ಎಂಬ ಇನ್ನೊಂದು ಗ್ಯಾಸಿಗೆ ಅರಳಿದ ಬಾಯಿಯ ವ್ಯಾಸ ಕಾಲು ಇಂಚಿಗೆ 9.1 ಮಿ.ಮೀ., 3/8ಕ್ಕೆ 13.2, ಇದಕ್ಕಿಂತ 0.4ರವರೆಗೆ ಕಡಿಮೆ ಇರಬಹುದು, ಹೆಚ್ಚು ಇರಬಾರದು. ಒಳಮೈ ಕನ್ನಡಿಯಂತೆ ಹೊಳೆಯಬೇಕು. ಗೀರು, ಸೀಳು, ಒಂದು ಕಡೆ ದಪ್ಪ ಒಂದು ಕಡೆ ತೆಳು ಕಂಡರೆ ಕತ್ತರಿಸಿ ಮತ್ತೊಮ್ಮೆ ಮಾಡಬೇಕು. ಫ್ಲೇರಿನ ಮೇಲೆ ಕಂಪ್ರೆಸರ್ ಎಣ್ಣೆಯ ಒಂದು ಹನಿ ಸವರಿ, ನಟ್ಟನ್ನು ನಾಲ್ಕಾರು ಸುತ್ತು ಕೈಯಲ್ಲೇ ತಿರುಗಿಸಿ, ಆಮೇಲೆ ಎರಡು ಸ್ಪ್ಯಾನರ್: ಒಂದು ಹಿಡಿಯಲು, ಇನ್ನೊಂದು ಟಾರ್ಕ್ ಸ್ಪ್ಯಾನರ್. ಕಾಲು ಇಂಚಿಗೆ 14ರಿಂದ 18 ನ್ಯೂಟನ್ ಮೀಟರ್, 3/8ಕ್ಕೆ 34ರಿಂದ 42. ಅಂದಾಜಿನಲ್ಲಿ ಬಿಗಿಮಾಡುವವರು ಕಾಲು ಇಂಚಿನದನ್ನು ಸಾಮಾನ್ಯವಾಗಿ ಅತಿಯಾಗಿ ಬಿಗಿಮಾಡುತ್ತಾರೆ. ಅಂಚು ತೆಳುವಾಗಿ, ಬಿಸಿ–ತಂಪಿನ ಹಿಗ್ಗುಕುಗ್ಗಿನಲ್ಲಿ ಕೆಲವು ತಿಂಗಳ ಮೇಲೆ ಸೀಳು ಬಿಡುತ್ತದೆ. ಟೆಫ್ಲಾನ್ ಟೇಪಿಗೆ ಇಲ್ಲಿ ಜಾಗವಿಲ್ಲ. ಲೋಹ ಲೋಹಕ್ಕೆ ಕೂತು ಮುಚ್ಚುವ ಜೋಡಣೆ ಇದು, ನಡುವೆ ಟೇಪ್ ಬಂದರೆ ಕೂರುವುದೇ ಇಲ್ಲ.

ಡ್ರೈನ್ ಪೈಪಿಗೆ ಒಂದು ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಜಾರು. ನಡುವೆ ಎಲ್ಲೂ ಏರಬಾರದು, ತುದಿ ನೀರಿನಲ್ಲಿ ಮುಳುಗಬಾರದು. ಪೈಪುಗಳ ಕಟ್ಟಿನಲ್ಲಿ ಡ್ರೈನ್ ಎಲ್ಲಕ್ಕಿಂತ ಕೆಳಗಿರಲಿ. ಮುಚ್ಚುವ ಮೊದಲು ಇಂಡೋರ್ ಯೂನಿಟ್ಟಿನ ನೀರಿನ ತಟ್ಟೆಗೆ ಒಂದು ಲೀಟರ್ ನೀರು ಸುರಿದು, ಅದು ತಡೆಯಿಲ್ಲದೆ ಹೊರಬಂದದ್ದನ್ನು ನೋಡಿಯೇ ಮುಂದಕ್ಕೆ ಹೋದೆವು. ‘ಎಸಿಯಿಂದ ನೀರು ಸೋರುತ್ತದೆ’ ಎಂಬ ದೂರಿಗೆ ಮಟ್ಟಗೋಲು ಇಟ್ಟು ನೋಡದೆ ಗೋಡೆಗೆ ಸಿಕ್ಕಿಸಿದ, ಇಂಡೋರ್ ಯೂನಿಟ್ ನೇತುಹಾಕುವ ಬ್ಯಾಕ್‌ಪ್ಲೇಟೇ ಹಲವು ಸಲ ಕಾರಣ.

ಈಗ ಒತ್ತಡ ಪರೀಕ್ಷೆ. ಇದಕ್ಕೆ ಒಣ ನೈಟ್ರೋಜನ್ ಮಾತ್ರ; ಆಮ್ಲಜನಕ ಎಣ್ಣೆಗೆ ತಾಗಿದರೆ ಸಿಡಿಯುತ್ತದೆ, ಸಾಮಾನ್ಯ ಕಂಪ್ರೆಸರ್ ಗಾಳಿಯಲ್ಲಿ ತೇವವಿದೆ. ಔಟ್‌ಡೋರ್ ವಾಲ್ವುಗಳು ಮುಚ್ಚಿಯೇ ಇರುತ್ತವೆ, ಪರೀಕ್ಷೆಯಾಗುವುದು ಪೈಪು ಮತ್ತು ಒಳಗಿನ ಕಾಯಿಲ್. ರೆಗ್ಯುಲೇಟರ್ ಮೂಲಕ ಮೊದಲು 0.5 ಮೆಗಾಪಾಸ್ಕಲ್‌ಗೆ ಏರಿಸಿ ಐದು ನಿಮಿಷ, ಆಮೇಲೆ 1.5ಕ್ಕೆ ಏರಿಸಿ ಐದು ನಿಮಿಷ, ಕೊನೆಗೆ ಕೈಪಿಡಿ ಹೇಳಿದ 4.15ಕ್ಕೆ, ಅಂದರೆ ಸುಮಾರು 600 ಪಿಎಸ್‌ಐ. ದೊಡ್ಡ ತಪ್ಪಿದ್ದರೆ ಕಡಿಮೆ ಒತ್ತಡದಲ್ಲೇ ಗೊತ್ತಾಗಲಿ ಎಂದು ಈ ಮೆಟ್ಟಿಲು. ರಾತ್ರಿ ಪೂರ್ತಿ ಬಿಟ್ಟೆವು. ಆ ಒತ್ತಡದಲ್ಲಿ ಒಂದು ಡಿಗ್ರಿ ಉಷ್ಣತೆ ಬದಲಾದರೆ ಸುಮಾರು 2 ಪಿಎಸ್‌ಐ ಬದಲಾಗುತ್ತದೆ. ಬೆಳಗಿನ ತಂಪಿಗೆ 5 ಡಿಗ್ರಿ ಇಳಿದು ಮುಳ್ಳು 10 ಪಿಎಸ್‌ಐ ಹಿಂದೆ ಬಂದಿದ್ದರೆ ಅದು ಸೋರಿಕೆಯಲ್ಲ. ಇಟ್ಟಾಗಿನ ಮತ್ತು ನೋಡಿದಾಗಿನ ಉಷ್ಣತೆ ಎರಡನ್ನೂ ಬರೆದಿಟ್ಟುಕೊಳ್ಳದೆ ಈ ಪರೀಕ್ಷೆಗೆ ಬೆಲೆಯಿಲ್ಲ.

ನೈಟ್ರೋಜನ್ ಬಿಟ್ಟ ಮೇಲೆ ವ್ಯಾಕ್ಯೂಮ್. ಹದಿನೈದು ನಿಮಿಷ ಪಂಪ್ ಓಡಿಸಿ, ಗೇಜ್ ಮೈನಸ್ 30 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸಿತು, ಆಯಿತು ಎನ್ನುವ ರೂಢಿ ಇದೆ. ಆ ಗೇಜಿನ ಒಂದೊಂದು ಇಂಚೂ 25,400 ಮೈಕ್ರಾನ್ (ಪಾದರಸದ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ನಮಗೆ ಬೇಕಾದದ್ದು 500 ಮೈಕ್ರಾನ್. ಅದಕ್ಕೂ 5,000ಕ್ಕೂ ಇರುವ ವ್ಯತ್ಯಾಸವನ್ನು ಆ ಮುಳ್ಳು ತೋರಿಸಲಾರದು. ಬೇಕಾದದ್ದು ಮೈಕ್ರಾನ್ ಗೇಜ್. 25 ಡಿಗ್ರಿಯಲ್ಲಿ ನೀರು ಕುದಿದು ಆವಿಯಾಗಲು ಒತ್ತಡ ಸುಮಾರು 23,800 ಮೈಕ್ರಾನಿಗಿಂತ ಕೆಳಗಿಳಿಯಬೇಕು. ಪೈಪಿನ ಮೈಗೆ ಅಂಟಿದ ತೇವ ಪೂರ್ತಿ ಹೊರಡಬೇಕಾದರೆ ಇನ್ನೂ ಬಹಳ ಆಳಕ್ಕೆ ಹೋಗಬೇಕು. ತೇವ ಉಳಿದರೆ ಆಗುವ ಕೇಡು ತಕ್ಷಣ ಕಾಣುವುದಿಲ್ಲ. ಆರ್-32 ಯಂತ್ರದ ಎಸ್ಟರ್ ಎಣ್ಣೆ ತೇವವನ್ನು ಬಹುಬೇಗ ಹೀರಿಕೊಳ್ಳುತ್ತದೆ, ಒಮ್ಮೆ ಹೀರಿದ್ದನ್ನು ವ್ಯಾಕ್ಯೂಮಿಗೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಶಾಖದಲ್ಲಿ ಆ ತೇವದೊಂದಿಗೆ ಸೇರಿ ಆಮ್ಲವಾಗುತ್ತದೆ, ಆಮ್ಲ ಮೋಟಾರಿನ ಸುತ್ತುಗಳ ಲೇಪ ತಿನ್ನುತ್ತದೆ. ಎರಡು–ಮೂರು ವರ್ಷದ ಮೇಲೆ ಕಂಪ್ರೆಸರ್ ಸುಟ್ಟಾಗ ಯಾರೂ ಕೂರಿಸಿದ ದಿನದ ಹದಿನೈದು ನಿಮಿಷವನ್ನು ನೆನಪಿಸಿಕೊಳ್ಳುವುದಿಲ್ಲ.

ಪಂಪಿನ ಎಣ್ಣೆ ಹೊಸದಿರಬೇಕು, ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲೇ ನೀರಿದೆ, 500 ತಲುಪುವುದೇ ಇಲ್ಲ. ಹೋಸ್ ದಪ್ಪಗೂ ಗಿಡ್ಡಗೂ ಇರಲಿ. ಸರ್ವಿಸ್ ಪೋರ್ಟಿನ ಒಳಗಿನ ಪಿನ್ ವಾಲ್ವನ್ನು ಕೋರ್ ಟೂಲಿನಿಂದ ತೆಗೆದರೆ ಸಮಯ ಬಹಳ ಉಳಿಯುತ್ತದೆ. ಆರ್-32 ಯಂತ್ರದ ಪೋರ್ಟು 5/16 ಇಂಚಿನ ಹೋಸ್ ಬೇಡುತ್ತದೆ, ಆರ್-22ರ ಹೋಸಿಗೆ ಅಡಾಪ್ಟರ್ ಬೇಕು. ಮೈಕ್ರಾನ್ ಗೇಜನ್ನು ಪಂಪಿನ ಬಾಯಿಗೆ ಸಿಕ್ಕಿಸಿದರೆ ಅದು ಪಂಪಿನ ಒತ್ತಡ ತೋರಿಸುತ್ತದೆ. ಯಂತ್ರದ ಬದಿಗೆ ಇರಬೇಕು. 500ಕ್ಕಿಂತ ಕೆಳಗಿಳಿದ ಮೇಲೆ ಪಂಪನ್ನು ವಾಲ್ವಿನಿಂದ ಬೇರ್ಪಡಿಸಿ ಹತ್ತು ನಿಮಿಷ ಕಾದೆವು. ಅಂಕಿ ಸ್ವಲ್ಪ ಏರಿ 500–600ರ ಸುಮಾರಿಗೆ ನಿಂತರೆ ಒಣಗಿದೆ. ಏರಿ 1,500ರ ಆಸುಪಾಸಿನಲ್ಲಿ ನಿಂತರೆ ತೇವ ಇನ್ನೂ ಇದೆ. ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ. ಮೊದಲ ಸಲ ಅಂಕಿ 1,400ಕ್ಕೆ ಏರಿ ನಿಂತಿತು. ಒಣ ನೈಟ್ರೋಜನ್ ತುಸು ಒಳಬಿಟ್ಟು, ತೇವವನ್ನು ಅದಕ್ಕೆ ಹೀರಿಸಿ, ಮತ್ತೆ ಎಳೆದಾಗ 550ಕ್ಕೆ ನಿಂತಿತು.

ಆಮೇಲೆ ಸಣ್ಣ ಪೈಪಿನ ವಾಲ್ವನ್ನು ಅಲೆನ್ ಕೀಯಿಂದ ಕಾಲು ಸುತ್ತು, ಐದು ಸೆಕೆಂಡ್ ತೆರೆದು ಮುಚ್ಚಿ, ಎಲ್ಲ ನಟ್ಟುಗಳಿಗೂ ಮತ್ತೆ ಸೋಪು ನೀರು. ಗುಳ್ಳೆಯಿಲ್ಲ ಎಂದಾದ ಮೇಲೆ ಎರಡೂ ವಾಲ್ವು ಪೂರ್ತಿ ತೆರೆದು, ಹಿತ್ತಾಳೆ ಮುಚ್ಚಳಗಳನ್ನು ಬಿಗಿಮಾಡಿದೆವು. ಈ ಮುಚ್ಚಳಗಳೇ ವಾಲ್ವಿನ ಕೊನೆಯ ಸೀಲು, ಕಳೆದರೆ ನಿಧಾನ ಸೋರಿಕೆ ಖಂಡಿತ. ಪೈಪಿನ ಉದ್ದ 9 ಮೀಟರ್. ಕೈಪಿಡಿಯ ಪ್ರಕಾರ ಕಾರ್ಖಾನೆಯಲ್ಲಿ ತುಂಬಿದ ಗ್ಯಾಸ್ 7.5 ಮೀಟರ್ ಪೈಪಿಗೆ ಸಾಕು, ಮೇಲಿನ ಪ್ರತಿ ಮೀಟರಿಗೆ 20 ಗ್ರಾಂ. ಹಾಗಾಗಿ 30 ಗ್ರಾಂ, ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು ತೂಗಿಯೇ ಹಾಕಿದ್ದು. ಇನ್ವರ್ಟರ್ ಯಂತ್ರದಲ್ಲಿ ವೇಗ ಬದಲಾದಂತೆ ಒತ್ತಡವೂ ಬದಲಾಗುವುದರಿಂದ ಗೇಜ್ ನೋಡಿ ಗ್ಯಾಸ್ ತುಂಬುವುದಕ್ಕೆ ಅರ್ಥವಿಲ್ಲ. ಒಟ್ಟು ಗ್ಯಾಸ್ ಒಂದು ಕಿಲೋಗಿಂತ ಸಾಕಷ್ಟು ಕಡಿಮೆ. ಉರಿಯುವ ಗುಣದ ದೃಷ್ಟಿಯಿಂದ ನಿಗದಿತ ತೂಕ ಮೀರಿದಾಗಲಷ್ಟೇ ಕೋಣೆಯ ಕನಿಷ್ಠ ವಿಸ್ತೀರ್ಣದ ಲೆಕ್ಕ ಬರುತ್ತದೆ. ಹಾಗೆಂದು ಕೆಲಸ ಮಾಡುವಾಗ ಕಿಟಕಿ ಮುಚ್ಚಿಕೊಂಡು ಬೆಂಕಿ ಹಚ್ಚಬಹುದು ಎಂದಲ್ಲ.

ವಿದ್ಯುತ್ ಭಾಗ ಚಿಕ್ಕದು. ಬೇರೆ ಯಾವುದೂ ಹಂಚಿಕೊಳ್ಳದ ಪ್ರತ್ಯೇಕ ಲೈನ್, ಕೈಪಿಡಿ ಹೇಳಿದ ಗಾತ್ರದ ತಂತಿ ಮತ್ತು ಎಂಸಿಬಿ, ಗಟ್ಟಿ ಅರ್ಥಿಂಗ್. ಒಳ–ಹೊರ ಯೂನಿಟ್ಟುಗಳ ನಡುವಿನ ತಂತಿಯಲ್ಲಿ ಒಂದು ಎಳೆ ಮಾತುಕತೆಯದು. ಅಂಕಿಗೆ ಅಂಕಿ ಹೊಂದಿಸದೆ ಅದಲುಬದಲಾದರೆ ಯಂತ್ರ ಓಡದೆ ಎರರ್ ಕೋಡ್ ತೋರಿಸುತ್ತದೆ. ಈ ತಂತಿಗೆ ನಡುವೆ ಗಂಟು ಬೇಡ, ಒಂದೇ ಉದ್ದ ಇರಲಿ.

ಓಡಿಸಿ ಇಪ್ಪತ್ತು ನಿಮಿಷದ ನಂತರ ಪೂರ್ತಿ ವೇಗದಲ್ಲಿ ಒಳಗೆಳೆಯುವ ಗಾಳಿ 28, ಬಿಡುವ ಗಾಳಿ 15. ಎರಡೂ ಪೈಪು ಸಮವಾಗಿ ತಂಪು. ಕೋಣೆ 25 ತಲುಪಿದಾಗ ಕರೆಂಟು ತಾನಾಗಿ ಇಳಿದು ಎರಡು ಆಂಪಿಯರಿಗಿಂತ ಕೆಳಗೆ ನಿಂತಿತು. ಬಿಸಿ ಪರೀಕ್ಷೆಗೆ ಮೊದಲು ಗೇಜ್ ಹೋಸ್ ತೆಗೆಯಲೇಬೇಕು: ಹೀಟಿಂಗ್‌ನಲ್ಲಿ ಅದೇ ದಪ್ಪ ಪೈಪು ಅಧಿಕ ಒತ್ತಡದ ಬದಿಯಾಗುತ್ತದೆ, ಕಡಿಮೆ ಒತ್ತಡದ ಗೇಜ್ ಒಡೆಯುತ್ತದೆ. ಇಂಡೋರ್ ಯೂನಿಟ್ ಬಿಡುವ ಗಾಳಿ 40 ಡಿಗ್ರಿ ದಾಟಿತು. ಹೊರಗೆ ಚಳಿ 5 ಡಿಗ್ರಿಗಿಂತ ಕೆಳಗಿಳಿದಾಗ ಔಟ್‌ಡೋರ್ ಕಾಯಿಲ್ ಮೇಲೆ ಹಿಮ ಕಟ್ಟುವುದು ಸಹಜ. ಯಂತ್ರ ಕೆಲ ನಿಮಿಷ ತಾನೇ ತಿರುಗಿ ಕೂಲಿಂಗಿಗೆ ಹೋಗಿ ಅದನ್ನು ಕರಗಿಸುತ್ತದೆ. ಒಳಗಿನ ಫ್ಯಾನ್ ನಿಲ್ಲುತ್ತದೆ, ಹೊರಗೆ ಆವಿ ಏಳುತ್ತದೆ, ಬುಡದಿಂದ ನೀರು ಹರಿಯುತ್ತದೆ. ಇದನ್ನು ಕೆಟ್ಟಿದೆ ಎಂದುಕೊಂಡು ಆರಿಸಬಾರದು. ಆ ನೀರು ನಿಲ್ಲದೆ ಹೋಗಲು ಔಟ್‌ಡೋರ್ ಯೂನಿಟ್ಟನ್ನು ಸ್ಟ್ಯಾಂಡಿನ ಮೇಲೆ ಎತ್ತರಿಸಿ, ಮುಂದೆ ಗಾಳಿ ಎಸೆಯಲು ಜಾಗ ಬಿಟ್ಟಿದ್ದೇವೆ.

ಮುಂದಿನ ನಿಗಾ ದೊಡ್ಡದೇನಲ್ಲ. ದಿನವೂ ಓಡುವ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್, ವರ್ಷಕ್ಕೊಮ್ಮೆ ಕಾಯಿಲ್, ಬ್ಲೋವರ್ ಮತ್ತು ಡ್ರೈನ್. ಪೈಪಿನ ಉದ್ದ, ಹೆಚ್ಚುವರಿ 30 ಗ್ರಾಂ, ಮೊದಲ ದಿನದ 28–15 ಮತ್ತು ಕರೆಂಟಿನ ಅಂಕಿಗಳನ್ನು ಔಟ್‌ಡೋರ್ ಯೂನಿಟ್ಟಿನ ಒಳಕವಚದ ಮೇಲೆ ಬರೆದಿದ್ದೇವೆ. ವಾರ್ಷಿಕ ಸರ್ವಿಸಿಗೆ ಬಂದವರು ಮೊದಲು ಥರ್ಮಾಮೀಟರ್ ಮತ್ತು ಕ್ಲ್ಯಾಂಪ್ ಮೀಟರ್ ಹಿಡಿದು ಈ ಅಂಕಿಗಳಿಗೆ ಹೋಲಿಸಲಿ. ಸರಿಹೊಂದಿದರೆ ಗೇಜ್ ಹಾಕುವ ಅಗತ್ಯವೇ ಇಲ್ಲ. ಹೋಸ್ ಹಾಕಿ ತೆಗೆದಾಗಲೆಲ್ಲ ಕೆಲವು ಗ್ರಾಂ ಗ್ಯಾಸ್ ಹೋಗುತ್ತದೆ, ಕೆಲವು ನೂರು ಗ್ರಾಂ ಮಾತ್ರ ಇರುವ ಯಂತ್ರಕ್ಕೆ ಅದೂ ಲೆಕ್ಕಕ್ಕೆ ಬರುತ್ತದೆ.